ಎಷ್ಟು ದೂರ ನಿಂತು ತೆಗೆದಿರಿ? ಕರಾವಳಿಯಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಲೆನ್ಸ್ ಪಾಠ

ಕೆಲವು ವರ್ಷಗಳ ಹಿಂದೆ ಕುಮಟಾದಲ್ಲಿ ನಡೆದ ಒಂದು ಸಣ್ಣ ಮೆರವಣಿಗೆಯ ಫೋಟೊ ತೆಗೆದಿದ್ದೆ. ಇದ್ದವರು ಅರವತ್ತು, ಹೆಚ್ಚೆಂದರೆ ಎಪ್ಪತ್ತು ಜನ. ಮಳೆ ಹನಿಯುತ್ತಿತ್ತು. ನಾನು ಅಂಗಡಿಯೊಂದರ ಮಾಡಿನ ಕೆಳಗೆ ನಿಂತು, ಝೂಮ್ ಲೆನ್ಸನ್ನು 200 ಎಂಎಂಗೆ ತಿರುಗಿಸಿ, ಎದುರಿನಿಂದ ಕ್ಲಿಕ್ ಮಾಡಿದೆ. ಚಿತ್ರದಲ್ಲಿ ರಸ್ತೆಯೇ ಕಾಣಲಿಲ್ಲ, ಬರೀ ತಲೆಗಳು. ಸಂಜೆಯ ಹೊತ್ತಿಗೆ ಎರಡು ಪುಟಗಳು ಅದನ್ನು ಎತ್ತಿಕೊಂಡು ಹಾಕಿದ್ದವು. ಒಂದರಲ್ಲಿ ‘ಬೀದಿಗಿಳಿದ ಸಾವಿರಾರು ಜನ’, ಇನ್ನೊಂದರಲ್ಲಿ ‘ಸಂಚಾರ ಅಸ್ತವ್ಯಸ್ತ ಮಾಡಿದ ಗುಂಪು’. ಎರಡೂ ಸುಳ್ಳು. ಎರಡಕ್ಕೂ ಸಾಕ್ಷಿ ಮಾತ್ರ ನನ್ನದೇ ಫೋಟೊ.

ನಾನು ಅದರಲ್ಲಿ ಏನನ್ನೂ ಎಡಿಟ್ ಮಾಡಿರಲಿಲ್ಲ. ಒಂದು ತಲೆಯನ್ನೂ ಸೇರಿಸಿರಲಿಲ್ಲ. ಮಾಡಿದ ತಪ್ಪು ಇಷ್ಟೇ: ಮಳೆಗೆ ಹೆದರಿ ದೂರ ನಿಂತೆ, ದೂರವನ್ನು ಲೆನ್ಸಿನಿಂದ ತುಂಬಿಸಿಕೊಂಡೆ.

ಲೆನ್ಸ್ ಬಗ್ಗೆ ಯಾರನ್ನಾದರೂ ಕೇಳಿ, ‘ಪೋರ್ಟ್ರೇಟ್‌ಗೆ 85, ಲ್ಯಾಂಡ್‌ಸ್ಕೇಪ್‌ಗೆ ವೈಡ್, ಹಕ್ಕಿಗೆ ಟೆಲಿ’ ಅಂತ ಮಗ್ಗಿ ಒಪ್ಪಿಸ್ತಾರೆ. ಮಗ್ಗಿ ತಪ್ಪಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಪ್ರತಿಭಟನೆಗೆ, ಬಂದರಿಗೆ, ನೆರೆ ಬಂದ ಕೇರಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ ಅಷ್ಟು ಸಾಲದು. ಇಲ್ಲಿ ಒಂದು ಫೋಟೊ ವಾಟ್ಸಾಪಿಗೆ ಬಿದ್ದರೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಲೆನ್ಸ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ‘ಎಷ್ಟು ದೊಡ್ಡದಾಗಿ ಕಾಣಬೇಕು’ ಅನ್ನುವುದಲ್ಲ. ‘ನಾನು ಎಷ್ಟು ದೂರದಲ್ಲಿ ನಿಲ್ಲಬೇಕು’ ಅನ್ನುವುದು.

ಲೆಕ್ಕ ಸ್ವಲ್ಪ

ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಂದರೆ ಫೋಕಲ್ ಲೆಂತ್. ಅದು ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ಕಿರಿದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ನೋಡ್ತದೆ, 50 ಎಂಎಂ ಸುಮಾರು 47 ಡಿಗ್ರಿ, 200 ಎಂಎಂ ಬರೀ 12. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸಣ್ಣ ಸೆನ್ಸರಿನ ಕ್ಯಾಮೆರಾ, ಅಂದರೆ ಎಪಿಎಸ್-ಸಿ. ಅದರಲ್ಲಿ ನಿಕಾನ್, ಸೋನಿ ಆದರೆ 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿ. 50 ಎಂಎಂ ಅಲ್ಲಿ 75 ಅಥವಾ 80ರ ಹಾಗೆ ವರ್ತಿಸ್ತದೆ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಅಂದರೆ ಹೆಚ್ಚುಕಡಿಮೆ 27ರಿಂದ 82. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24-26 ಎಂಎಂ ಸುತ್ತಮುತ್ತ. ಮೊಬೈಲಿನಲ್ಲೇ ಬೆಳೆದವರಿಗೆ ಜಗತ್ತು ವೈಡ್ ಆಗಿಯೇ ಅಭ್ಯಾಸ ಆಗಿರ್ತದೆ ಅನ್ನುವುದು ಇದಕ್ಕೇ.

ಈಗ ಬಹಳ ಜನ ತಪ್ಪು ತಿಳಿದಿರುವ ವಿಷಯ. ಟೆಲಿ ಲೆನ್ಸ್ ವಸ್ತುಗಳನ್ನು ‘ಒತ್ತಿ ಹಿಡಿಯುತ್ತದೆ’, ವೈಡ್ ‘ಹಿಗ್ಗಿಸುತ್ತದೆ’ ಅಂತಾರೆ. ನಿಜವಾಗಿ ಅದನ್ನು ಮಾಡುವುದು ಲೆನ್ಸ್ ಅಲ್ಲ, ನೀವು ನಿಂತ ದೂರ. ಪರೀಕ್ಷೆ ಮಾಡಿ ನೋಡಿ. ಗೆಳೆಯನೊಬ್ಬನನ್ನು ನಿಲ್ಲಿಸಿ, ಅವನ ಹಿಂದೆ ಇಪ್ಪತ್ತು ಮೀಟರ್ ದೂರದಲ್ಲಿ ಒಂದು ಕರೆಂಟ್ ಕಂಬ ಇರಲಿ. ಅವನಿಂದ ಎರಡು ಮೀಟರ್ ದೂರ ನಿಂತು 18ರಲ್ಲಿ ಒಂದು ತೆಗೀರಿ. ಆಮೇಲೆ ಆರು ಮೀಟರ್ ದೂರಕ್ಕೆ ಹಿಂದೆ ಸರಿದು 55ರಲ್ಲಿ ಇನ್ನೊಂದು. ಎರಡರಲ್ಲೂ ಗೆಳೆಯ ಹೆಚ್ಚುಕಡಿಮೆ ಅಷ್ಟೇ ದೊಡ್ಡ. ಕಂಬ ಮಾತ್ರ ಎರಡನೆಯದರಲ್ಲಿ ಎರಡೂವರೆ ಪಟ್ಟು ದೊಡ್ಡದಾಗಿ ಅವನ ಬೆನ್ನಿಗೇ ಬಂದು ನಿಂತಿರ್ತದೆ. ಅದೇ ಆರು ಮೀಟರ್ ದೂರದಿಂದ 18ರಲ್ಲೇ ತೆಗೆದು, ನಡುವಿನ ಭಾಗವನ್ನು ಕತ್ತರಿಸಿ ನೋಡಿ, 55ರ ಚಿತ್ರವೇ ಬರ್ತದೆ, ಸ್ವಲ್ಪ ಮಸುಕಾಗಿ. ಲೆನ್ಸ್ ಮಾಡುವುದು ಕತ್ತರಿಸುವ ಕೆಲಸ. ಸಂಬಂಧ ಬದಲಿಸುವುದು ಕಾಲು.

ಇದು ಬರೀ ಫೋಟೊ ಕ್ಲಬ್ಬಿನ ಹರಟೆ ಅಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಶುರುವಾದ ದಿನಗಳಲ್ಲಿ, ಡೆನ್ಮಾರ್ಕಿನ ರಿಟ್ಝಾವ್ ಸ್ಕ್ಯಾನ್‌ಪಿಕ್ಸ್ ಎಂಬ ಫೋಟೊ ಸಂಸ್ಥೆ ತನ್ನ ಫೋಟೊಗ್ರಾಫರುಗಳಿಂದ ಒಂದೇ ಜಾಗದ ಅದೇ ಜನರನ್ನು ಟೆಲಿಯಲ್ಲಿ ಒಮ್ಮೆ, ವೈಡಿನಲ್ಲಿ ಒಮ್ಮೆ ತೆಗೆಸಿತು. ಒಂದರಲ್ಲಿ ಜನ ನಿಯಮ ಗಾಳಿಗೆ ತೂರಿ ಮೈಗೆ ಮೈ ತಾಗಿಸಿ ನಿಂತ ಹಾಗೆ ಕಾಣ್ತಾರೆ. ಇನ್ನೊಂದರಲ್ಲಿ ಅದೇ ಜನ ಅಂತರ ಬಿಟ್ಟು ನಿಂತಿದ್ದಾರೆ. ಆ ಜೋಡಿಚಿತ್ರಗಳು ಜಗತ್ತಿನ ತುಂಬ ಓಡಾಡಿದವು. ನಮ್ಮಲ್ಲಿ ಆಗ ಮೀನು ಮಾರ್ಕೆಟ್ಟಿನ, ಮಸೀದಿಯ, ಜಾತ್ರೆಯ ಎಷ್ಟು ಟೆಲಿ ಫೋಟೊಗಳು ಯಾವ ಯಾವ ಶೀರ್ಷಿಕೆ ಹೊತ್ತು ತಿರುಗಿದವು ಅಂತ ನೆನಪು ಮಾಡಿಕೊಳ್ಳಿ.

ಟೊಂಕದಲ್ಲಿ ಯಾವ ಲೆನ್ಸ್?

ಶರಾವತಿ ಕಡಲು ಸೇರುವಲ್ಲಿ, ಹೊನ್ನಾವರ ಪಟ್ಟಣದ ಆಚೆ ದಡದಲ್ಲಿ, ಕಾಸರಕೋಡು ಟೊಂಕ ಇದೆ. ಅಲ್ಲಿ ಖಾಸಗಿ ಬಂದರು ಬರುವುದನ್ನು ಮೀನುಗಾರರು ವರ್ಷಗಳಿಂದ ವಿರೋಧಿಸ್ತಾ ಇದ್ದಾರೆ. ಮರಳಿನ ಮೇಲೆ ಮೀನು ಒಣಗಿಸಿ ಬದುಕುವ ಹೆಂಗಸರು ಅದರಲ್ಲಿ ಮುಂದೆ. 2022ರಲ್ಲಿ, ಮತ್ತೆ 2024ರಲ್ಲಿ, ರಸ್ತೆ ಕೆಲಸಕ್ಕೆ ಪೊಲೀಸ್ ಬಂದೋಬಸ್ತ್ ಬಂದು ಪ್ರತಿಭಟನೆಗಿಳಿದವರನ್ನು ವಶಕ್ಕೆ ತೆಗೆದುಕೊಂಡದ್ದು ಸುದ್ದಿಯಾಗಿತ್ತು. ಇಂಥ ಜಾಗಕ್ಕೆ ಹೋಗುವಾಗ ಚೀಲದಲ್ಲಿ ಏನಿರಬೇಕು?

ನನ್ನ ಉತ್ತರ: ಕ್ಯಾಮೆರಾದಲ್ಲಿ 24 ಅಥವಾ 28ಕ್ಕೆ ಸಮನಾದ ವೈಡ್, ಚೀಲದಲ್ಲಿ ಒಂದು ಟೆಲಿ. ಕಿಟ್ ಲೆನ್ಸಿನ 18 ಎಂಎಂ ತುದಿ ಸಾಕು, ಬೇರೆ ಕೊಳ್ಳಬೇಕಾಗಿಲ್ಲ. ಯಾಕೆ ವೈಡ್ ಅಂದರೆ, ಅಲ್ಲಿನ ಜಗಳವೇ ಜಾಗದ್ದು. ಮನೆ ಎಲ್ಲಿ, ಮೀನು ಒಣಗಿಸುವ ಮರಳು ಎಲ್ಲಿ, ರಸ್ತೆ ಎಲ್ಲಿ, ನೀರು ಎಲ್ಲಿ, ಇವು ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಬಂದರೆ ಮಾತ್ರ ನೋಡುವವನಿಗೆ ಅರ್ಥ ಆಗ್ತದೆ. 200 ಎಂಎಂನಲ್ಲಿ ದೂರದಿಂದ ತೆಗೆದರೆ ಜೆಸಿಬಿ ಮನೆಯ ಗೋಡೆಗೇ ತಾಗಿ ನಿಂತ ಹಾಗೆ ಕಾಣ್ತದೆ. ನೋಡಲಿಕ್ಕೆ ಚಂದ, ಹೋರಾಟಕ್ಕೂ ಅನುಕೂಲ ಅಂತ ಅನ್ನಿಸಬಹುದು. ಆದರೆ ನಾಳೆ ಯಾರೋ ಒಬ್ಬ ಸ್ಥಳಕ್ಕೆ ಹೋಗಿ ಅಳತೆ ಹಿಡಿದು ‘ನೋಡಿ, ಇಷ್ಟು ದೂರ ಇದೆ’ ಅಂದರೆ ಮುಗೀತು. ಸತ್ಯ ಹೇಳಿದ ಉಳಿದ ಫೋಟೊಗಳೂ ಅದರ ಜೊತೆಗೇ ಹೋಗ್ತವೆ.

ಇನ್ನೊಂದು ಕಾರಣ ಮುಖಗಳು. ಟೆಲಿ ಮುಖವನ್ನು ಕಿತ್ತು ತರ್ತದೆ. ಕೇಸು ಹಾಕುವವರಿಗೆ ಅಂಥ ಫೋಟೊಗಿಂತ ಒಳ್ಳೆಯ ಹಾಜರಿ ಪುಸ್ತಕ ಇಲ್ಲ. ಎದುರಿಗೆ ನಿಂತು ವೈಡಿನಲ್ಲಿ ತೆಗೆಯುವಾಗ ನಿಮ್ಮನ್ನು ಅವರು ನೋಡ್ತಾರೆ. ಬೇಡ ಅನ್ನಿಸಿದರೆ ಮುಖ ತಿರುಗಿಸ್ತಾರೆ, ಸೆರಗು ಎಳ್ಕೊಳ್ತಾರೆ, ‘ತೆಗೀಬೇಡ’ ಅಂತಾರೆ. ದೂರದಿಂದ ಕದ್ದು ತೆಗೆದಾಗ ಆ ಹಕ್ಕನ್ನೇ ಅವರಿಂದ ಕಿತ್ತುಕೊಂಡ ಹಾಗೆ. ವೈಡಿನಲ್ಲೂ ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಮುಖ ಹಿಗ್ಗಿಸಿ ನೋಡಬಹುದು, ನಿಜ. ಹಾಗಾಗಿ ಹಾಕುವ ಮೊದಲು ನೋಡಿ. ಬೆನ್ನ ಹಿಂದಿನಿಂದ, ಕೈಗಳ, ಫಲಕಗಳ ಫೋಟೊ ಎಷ್ಟೋ ಸಲ ಸಾಕಾಗ್ತದೆ.

ಹಾಗಾದರೆ ಟೆಲಿ ಯಾಕೆ ಒಯ್ಯಬೇಕು? ಲಾಠಿ ಬೀಸುವಾಗ, ಎಳೆದೊಯ್ಯುವಾಗ ಹತ್ತಿರ ಹೋಗಲಿಕ್ಕೆ ಬಿಡುವುದಿಲ್ಲ. ಆಗ ದೂರದಿಂದಲಾದರೂ ದಾಖಲೆ ಆಗಬೇಕು. ಅಧಿಕಾರ ಇರುವವರ ಮೇಲೆ ಟೆಲಿ, ಇಲ್ಲದವರ ಹತ್ತಿರ ವೈಡ್. ಇದು ನಾನು ನನಗೇ ಹಾಕಿಕೊಂಡ ನಿಯಮ. ಒಪ್ಪುವವರು ಒಪ್ಪಿ.

ಜನರ ಸಂಖ್ಯೆ ತೋರಿಸಬೇಕೆಂದರೆ ಮಹಡಿಗೋ ಕಟ್ಟೆಗೋ ಹತ್ತಿ, ವೈಡಿನಲ್ಲಿ, ಗುಂಪಿನ ಎರಡೂ ಅಂಚು ಕಾಣುವ ಹಾಗೆ ತೆಗೀರಿ. ಅಂಚು ಕಾಣದ ಗುಂಪಿಗೆ ಯಾರು ಯಾವ ಸಂಖ್ಯೆ ಬೇಕಾದರೂ ಹೇಳಬಹುದು. ನನ್ನ ಕುಮಟಾದ ಫೋಟೊಗೆ ಆದದ್ದು ಅದೇ.

ಟೊಂಕದ ಹಾಗೆ ಕಡಲ್ಕೊರೆತ ಇರುವ ಯಾವ ಊರಿನವರಿಗೂ ಒಂದು ಕೆಲಸ ಹೇಳ್ತೇನೆ, ಖರ್ಚಿಲ್ಲದ್ದು. ಒಂದು ಜಾಗ ಗುರುತು ಮಾಡಿ, ಬಾವಿಕಟ್ಟೆಯೋ ಸೇತುವೆಯ ಕಂಬವೋ ಇರಲಿ. ಪ್ರತಿ ತಿಂಗಳೂ ಅದೇ ಜಾಗದಲ್ಲಿ ನಿಂತು, ಅದೇ ಫೋಕಲ್ ಲೆಂತಿನಲ್ಲಿ, ಅದೇ ತೆಂಗಿನಮರ ಚೌಕಟ್ಟಿನ ಅದೇ ಅಂಚಿಗೆ ಬರುವ ಹಾಗೆ ಒಂದು ಫೋಟೊ. ಆದಷ್ಟೂ ಇಳಿತದ ಹೊತ್ತಿಗೆ, ಇಲ್ಲವಾದರೆ ಭರತದ ನೀರನ್ನೇ ಕೊರೆತ ಅಂದುಬಿಡ್ತಾರೆ. ಝೂಮ್ ಇದ್ದರೆ ಎರಡು ತುದಿಯಲ್ಲಿ ಒಂದನ್ನು ಬಳಸಿ, ನಡುವಿನದ್ದು ಮುಂದಿನ ತಿಂಗಳು ನೆನಪಿರುವುದಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ನಿಮ್ಮ ಹತ್ತಿರ ಇರುವುದು ಫೋಟೊ ಅಲ್ಲ, ಪುರಾವೆ.

ಫೋಟೊ ಸುಳ್ಳಾಗುವುದು ಹೇಗೆ

2017ರ ಡಿಸೆಂಬರ್ ಇಲ್ಲಿ ಯಾರೂ ಮರೆತಿಲ್ಲ. ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಶವದ ಚಿತ್ರಗಳ ಜೊತೆ ಚಿತ್ರಹಿಂಸೆಯ ಕತೆಗಳು ಮೊಬೈಲಿಂದ ಮೊಬೈಲಿಗೆ ಹಾರಿದವು. ವಿಧಿವಿಜ್ಞಾನ ವೈದ್ಯರು ಅವನ್ನು ತಳ್ಳಿಹಾಕುವ ಹೊತ್ತಿಗೆ ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನ ಸುಟ್ಟು ಆಗಿತ್ತು. 2022ರಲ್ಲಿ ಸಿಬಿಐ, ಇದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಐದು ವರ್ಷದಲ್ಲಿ ಆದ ನಷ್ಟ ಆದದ್ದೇ.

ಅಲ್ಲಿ ಲೆನ್ಸಿನದ್ದೇನೂ ತಪ್ಪಿರಲಿಲ್ಲ. ಆದರೂ ಇಲ್ಲಿ ಯಾಕೆ ಹೇಳಿದೆ ಅಂದರೆ, ಹತ್ತಿರದ ಒಂದೇ ಒಂದು ಚೌಕಟ್ಟು, ಸುತ್ತಲಿನದ್ದು ಏನೂ ಇಲ್ಲದ್ದು, ಯಾರ ಬಾಯಿಗೆ ಬೇಕಾದರೂ ಆಹಾರ. ಅದಕ್ಕೆ ಯಾವುದೇ ಘಟನೆಯಲ್ಲಿ ಮೂರು ದೂರದಿಂದ ತೆಗೆಯುವುದು ಅಭ್ಯಾಸ ಮಾಡಿಕೊಳ್ಳಿ: ಇಡೀ ಜಾಗ, ನಡುವಿನದ್ದು, ಹತ್ತಿರದ್ದು. ಹಾಕುವಾಗ ಹತ್ತಿರದ್ದೊಂದನ್ನೇ ಹಾಕಬೇಡಿ.

ಡಿಜಿಟಲ್ ಫೋಟೊದೊಳಗೆ ಎಕ್ಸಿಫ್ ಅನ್ನುವ ಮಾಹಿತಿ ಇರ್ತದೆ. ದಿನಾಂಕ, ಸಮಯ, ಕ್ಯಾಮೆರಾ, ಫೋಕಲ್ ಲೆಂತ್ ಎಲ್ಲವೂ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಅಳಿಸಿಹೋಗ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳೀತದೆ. ಯಾರಾದರೂ ‘ಇದು ನಮ್ಮೂರಿನದ್ದು, ನಿನ್ನೆಯದ್ದು’ ಅಂತ ಕಳಿಸಿದರೆ ಮೂಲ ಫೈಲನ್ನೇ ಕೇಳಿ. ಎಕ್ಸಿಫ್ ತಿದ್ದಲಿಕ್ಕೂ ಬರ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ನೀವೇ ತೆಗೆದದ್ದಾದರೆ ಮೂಲವನ್ನು ಮುಟ್ಟದೆ ಇಟ್ಟು, ಮುಖ ಮಸುಕು ಮಾಡುವುದು, ಕತ್ತರಿಸುವುದು ಎಲ್ಲ ಪ್ರತಿಯಲ್ಲಿ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಕೋರ್ಟಿಗೆ ಹೋಗಬೇಕಾದರೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೀಬೇಕು. ಮೂಲ ಫೈಲ್ ಇಲ್ಲದವನಿಗೆ ಅದು ತಲೆನೋವು.

ಬಂದರಿನಲ್ಲಿ

ಮೀನು ಮಾರ್ಕೆಟ್ಟಿಗೆ, ಭಟ್ಕಳದ ತೆಂಗಿನಗುಂಡಿಯಂಥ ಬಂದರಿಗೆ ನಾನು ಒಯ್ಯುವುದು ಒಂದೇ ಲೆನ್ಸ್: ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 35 ಎಂಎಂ ಪ್ರೈಮ್. ಫುಲ್‌ಫ್ರೇಮಿನ 50ಕ್ಕೆ ಸಮ. ಪ್ರೈಮ್ ಅಂದರೆ ಝೂಮ್ ಇಲ್ಲ, ಹತ್ತಿರ ಬೇಕಾದರೆ ನಡೀಬೇಕು.

ಈ ಲೆನ್ಸ್ ಕೊಳ್ಳುವ ಮೊದಲು ಒಮ್ಮೆ ಮೀನು ಮಾರುವ ಹೆಂಗಸೊಬ್ಬರನ್ನು ರಸ್ತೆಯ ಆಚೆಯಿಂದ ಝೂಮಿನಲ್ಲಿ ಹಿಡೀತಾ ಇದ್ದೆ. ಅವರು ಕತ್ತಿ ಕೆಳಗಿಟ್ಟು ಕೂಗಿದರು, “ಎಂತ ತಮಾ, ಅಲ್ಲಿಂದ ಕದ್ದು ತೆಗಿತೆ? ಬೇಕಾರೆ ಇಲ್ಲಿ ಬಾ.” ಹೋದೆ. “ತಪ್ಪಾಯ್ತು ಅಕ್ಕಾ” ಅಂದೆ. ಬಂಗಡೆಯ ದರ, ಮಂಜುಗಡ್ಡೆಯ ದರ, ಮೀನುಗಾರಿಕೆ ನಿಷೇಧದ ಜೂನ್-ಜುಲೈನಲ್ಲಿ ಮನೆ ನಡೆಯುವ ಬಗೆ, ಎಲ್ಲ ಹೇಳಿದರು. ಆಮೇಲೆ ತೆಗೆದ ಫೋಟೊದಲ್ಲಿ ಅವರು ನನ್ನನ್ನೇ ನೋಡ್ತಾ ಇದ್ದಾರೆ. ಮೊದಲಿನ ಝೂಮ್ ಫೋಟೊ ಅಳಿಸಿದೆ.

ಬೆಳಕಿನ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲ ಇದೆ. ಸಮುದ್ರ ಪಶ್ಚಿಮಕ್ಕೆ. ಬೆಳಿಗ್ಗೆ ಘಟ್ಟಕ್ಕೆ ಬೆನ್ನು ಹಾಕಿ ನಿಂತರೆ ದೋಣಿಯಿಂದ ಇಳಿಯುವವರ ಮುಖದ ಮೇಲೆಯೇ ಬೆಳಕು. ಸಂಜೆ ಅದೇ ಜಾಗದಲ್ಲಿ ಎಲ್ಲರೂ ಕರಿಯ ನೆರಳು. ಟೂರಿಸಂ ಪೋಸ್ಟರಿಗೆ ನೆರಳು ಸಾಕು, ಆದರೆ ಮುಖವೇ ಇಲ್ಲದ ಮೀನುಗಾರ ಬರೀ ಅಲಂಕಾರ. ಸಂಜೆ ತೆಗೆಯಲೇಬೇಕಾದರೆ ನೀರಿನ ಬದಿಗೆ ಹೋಗಿ ದಡದ ಕಡೆ ತಿರುಗಿ. ಲೆನ್ಸಿಗೆ ಹುಡ್ ಹಾಕಿ, ಅಡ್ಡ ಬೆಳಕು ಬಿದ್ದರೆ ಚಿತ್ರ ಮಬ್ಬಾಗ್ತದೆ.

ಪೋಲರೈಸರ್ ಫಿಲ್ಟರ್ ಒಂದಿದ್ದರೆ ಒಳ್ಳೇದು. ನೀರಿನ ಮೇಲಿನ ಹೊಳಪನ್ನು ಅದು ತೆಗೀತದೆ. ಆಕಾಶದ ಮೇಲೆ ಅದರ ಪರಿಣಾಮ ಸೂರ್ಯನಿಗೆ ಅಡ್ಡವಾಗಿ, ಅಂದರೆ ಸಂಜೆ ಉತ್ತರಕ್ಕೋ ದಕ್ಷಿಣಕ್ಕೋ ನೋಡುವಾಗ ಹೆಚ್ಚು. ಒಂದೆರಡು ಸ್ಟಾಪ್ ಬೆಳಕು ತಿಂತದೆ, ಹಾಗಾಗಿ ನೆರಳಿನಲ್ಲಿ ಕಳಚಿಡಿ.

ಅಳಿವೆಯಲ್ಲಿ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬಂದರು, ಉಷ್ಣ ವಿದ್ಯುತ್ ಸ್ಥಾವರ ಅಂತ ಈ ಅಳಿವೆಯ ಮೇಲೆ ಬಂದ ಯೋಜನೆಗಳ ಕತೆ ದೊಡ್ಡದು, ಅದನ್ನು ಇನ್ನೊಮ್ಮೆ ಬರೆಯುವೆ. ಇಲ್ಲಿ ಹಕ್ಕಿಗೆ 300 ಎಂಎಂಗಿಂತ ಕಡಿಮೆ ಸಾಲದು. 70-300 ಇದ್ದು ಸಣ್ಣ ಸೆನ್ಸರ್ ಇದ್ದರೆ 450ರ ತನಕ ನೋಟ ಸಿಗ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಆ ಸಂಖ್ಯೆಗಿಂತ ಕೆಳಗೆ ಬರಬಾರದು: 450 ಆದರೆ ಸೆಕೆಂಡಿನ 500ನೇ ಒಂದು ಭಾಗ. ಹಾರುವ ಹಕ್ಕಿಗೆ ಅದರ ಎರಡು ಪಟ್ಟಾದರೂ ಬೇಕು. ದೋಣಿಯಲ್ಲಿ ಕೂತಿದ್ದರೆ ಟ್ರೈಪಾಡ್ ಪ್ರಯೋಜನ ಇಲ್ಲ, ದೋಣಿಯೇ ಅಲುಗಾಡ್ತದೆ. ಮೂಡಿಗೆರೆಯ ಕಾಡಿನಲ್ಲಿ ಕೂತು ತೇಜಸ್ವಿ ಹಕ್ಕಿಗಳ ಫೋಟೊ ತೆಗೆದದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಚೌಕಟ್ಟು. ಕಾಯುವುದನ್ನು ಅವರಿಂದ ಕಲೀಬೇಕು, ಲೆನ್ಸಿನ ಉದ್ದ ಆಮೇಲೆ.

ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ತೆಗೆಯುವವರನ್ನು ಹಕ್ಕಿ ಲೆನ್ಸಿನಲ್ಲೇ ತೆಗೆದುಬಿಡುವುದನ್ನು ನೋಡಿದ್ದೇನೆ. ಚಿತ್ರದಲ್ಲಿ ಅವರೂ ಹಕ್ಕಿಯ ಹಾಗೇ ಕಾಣ್ತಾರೆ, ದೂರದ ಒಂದು ಜೀವಿ. ನೀರಿಗೆ ಇಳೀರಿ. ಮೊಬೈಲಾದರೂ ಸಾಕು. ಹಾಲಕ್ಕಿ ಹೆಂಗಸರ ಮಣಿಸರವನ್ನಷ್ಟೇ 200 ಎಂಎಂನಲ್ಲಿ ತುಂಬಿಸಿ, ಹಿನ್ನೆಲೆಯನ್ನೆಲ್ಲ ಮಸುಕು ಮಾಡುವ ಫೋಟೊಗಳ ಮೇಲೂ ನನಗೆ ಇದೇ ಸಿಟ್ಟು. ಆ ಮಸುಕಿನೊಳಗೆ ಅವರ ಗದ್ದೆ, ಮನೆ, ಶಾಲೆಗೆ ಹೊರಟ ಮಗು ಎಲ್ಲ ಮಾಯ.

ಸಾಣಿಕಟ್ಟಾದ ಉಪ್ಪಿನ ಗದ್ದೆಯಲ್ಲಿ ಕ್ಯಾಮೆರಾದ ಮೀಟರ್ ಮೋಸ ಹೋಗ್ತದೆ. ಬಿಳಿಯ ರಾಶಿ ನೋಡಿ ಬೆಳಕು ಜಾಸ್ತಿ ಅಂದುಕೊಂಡು ಎಲ್ಲವನ್ನೂ ಬೂದಿ ಮಾಡ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ.

ರಾತ್ರಿ ಕಡಲಾಮೆ ಮರಿಗಳು ಮರಳಿನಿಂದ ಹೊರಡುವಾಗ ಯಾವ ಲೆನ್ಸ್ ಅಂತ ಕೇಳಿದರೆ ಉತ್ತರ, ಯಾವುದೂ ಬೇಡ. ಫ್ಲ್ಯಾಶಿಗೆ, ಟಾರ್ಚಿಗೆ ದಿಕ್ಕು ತಪ್ಪಿ ಅವು ಸಮುದ್ರದ ಬದಲು ರಸ್ತೆ ಕಡೆ ಹೋಗ್ತವೆ.

ಚೌಕಿಯಲ್ಲಿ, ರಂಗದಲ್ಲಿ

ಗುಣವಂತೆಯ ಕೆರೆಮನೆ ಮೇಳ 1934ರಲ್ಲಿ ಶುರುವಾದದ್ದು. ಹೊನ್ನಾವರದ ಕಡೆ ಕ್ಯಾಮೆರಾ ಹಿಡಿದವರಲ್ಲಿ ಯಕ್ಷಗಾನ ತೆಗೆಯದವರು ಕಡಿಮೆ, ಸರಿಯಾಗಿ ಬಾರದೆ ಬೇಜಾರಾದವರು ಹೆಚ್ಚು. ಕಾರಣ ಅಪರ್ಚರ್. ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ 1.8ರ ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡ್ತದೆ. ಒಂದೇ ಶಟರ್ ಸ್ಪೀಡಿನಲ್ಲಿ, ಕಿಟ್ ಲೆನ್ಸಿಗೆ ಐಎಸ್ಒ 12800 ಬೇಕಾದ ಕಡೆ ಇದಕ್ಕೆ 1300ರ ಹತ್ತಿರ ಸಾಕು. ಕಾಳುಕಾಳಾದ ಫೋಟೊಗೂ ಬಣ್ಣಗಾರಿಕೆಯ ಗೆರೆ ಕಾಣುವ ಫೋಟೊಗೂ ಇರುವ ವ್ಯತ್ಯಾಸ ಇಷ್ಟು.

ಮಾತಿನ ಭಾಗಕ್ಕೆ ಸೆಕೆಂಡಿನ 125ನೇ ಭಾಗ ಸಾಕು. ಮಂಡಿ ಕುಣಿತಕ್ಕೆ 500 ಬೇಕು. ಸಣ್ಣ ಸೆನ್ಸರಿಗೆ 50 ಎಂಎಂ, ಎದುರಿನ ಎರಡನೇ ಸಾಲಿನಿಂದ, ಕಿರೀಟ ಕತ್ತರಿಸದೆ. ಫ್ಲ್ಯಾಶ್ ಹಾಕಬೇಡಿ, ವೇಷಧಾರಿಯ ಕಣ್ಣಿಗೂ ಹಿಂಸೆ, ಬಣ್ಣವೂ ಚಪ್ಪಟೆ. ಐದು ಮೀಟರ್ ದೂರದಲ್ಲಿ 85 ಎಂಎಂ ಲೆನ್ಸ್ ಎಫ್ 1.8ರಲ್ಲಿದ್ದರೆ ಸ್ಪಷ್ಟವಾಗಿ ಕಾಣುವ ಆಳ ಒಂದಡಿಯ ಆಸುಪಾಸು ಮಾತ್ರ, ಹಾಗಾಗಿ ಫೋಕಸ್ ಕಣ್ಣಿನ ಮೇಲೆಯೇ ಇರಲಿ. ನನಗೆ ರಂಗಕ್ಕಿಂತ ಚೌಕಿ ಇಷ್ಟ. ಅಲ್ಲಿ ಜಾಗ ಇಕ್ಕಟ್ಟು, 24 ಅಥವಾ 28 ಬೇಕು, ಕೇಳಿಯೇ ಒಳಗೆ ಹೋಗಬೇಕು. ವೈಡಿನಲ್ಲಿ ಮುಖದ ತೀರ ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ಕನ್ನಡಿಯ ಮೂಲಕ ತೆಗೆದು ನೋಡಿ, ದೂರ ತಾನಾಗಿ ಎರಡು ಪಟ್ಟಾಗ್ತದೆ.

ಭಟ್ಕಳ ಅಂದರೆ ಯಾವ ಫೋಟೊ?

ಗೂಗಲ್ ಮಾಡಿ ನೋಡಬೇಡಿ, ಗೊತ್ತೇ ಇದೆ. ಭಟ್ಕಳದ ಸುದ್ದಿ ಅಂದರೆ ದೂರದಿಂದ ಟೆಲಿಯಲ್ಲಿ ಹಿಡಿದ ಮಿನಾರು, ಅದರ ಹಿಂದೆ ಒತ್ತಿಕೊಂಡ ಮಾಡುಗಳು. ಯಾವ ಸುದ್ದಿಗಾದರೂ ಅದೇ. ಊರಿಗೆ ಊರೇ ಸಂದಿಯಿಲ್ಲದ ಗೋಡೆಯ ಹಾಗೆ ಕಾಣ್ತದೆ. ಆ ಓಣಿಯೊಳಗೆ 28ರಲ್ಲೋ 35ರಲ್ಲೋ ನಡೆದು ತೆಗೆದರೆ ಕಾಣುವುದು ಬೇರೆ: ನವಾಯತಿ ಮಾತಾಡ್ತಾ ಕೂತ ಅಜ್ಜಂದಿರು, ಮನೆಯ ಜಗಲಿ, ಮಲ್ಲಿಗೆ ಕಟ್ಟಿ ಮಾರುವವರು, ಸ್ವಲ್ಪ ದೂರದಲ್ಲೇ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ. 2022ರ ಆಗಸ್ಟಿನಲ್ಲಿ ಊರು ಮುಳುಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತಾಗ ಕೆಸರು ಯಾರ ಮನೆ ಅಂತ ಕೇಳಿರಲಿಲ್ಲ. ಆ ದಿನಗಳನ್ನು ಹೇಳಲಿಕ್ಕೆ ಬೇಕಾದದ್ದೂ ಹತ್ತಿರದ ಲೆನ್ಸೇ.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಬುಡದಲ್ಲಿ ನಿಂತು ವೈಡಿನಲ್ಲಿ ಮೇಲೆ ನೋಡಿದರೆ ಮೂರ್ತಿ ಹಿಂದಕ್ಕೆ ಬೀಳುವ ಹಾಗೆ ಬರ್ತದೆ. ಕಡಲ ತಡಿಯುದ್ದಕ್ಕೂ ದೂರ ನಡೆದು 50ರಲ್ಲಿ, ಕ್ಯಾಮೆರಾ ಮಟ್ಟಸವಾಗಿ ಹಿಡಿದು ತೆಗೀರಿ. ನೆಟ್ಟಗೆ ಕೂರ್ತದೆ.

ಮಳೆ, ಉಪ್ಪು, ಬೂಸ್ಟು

ನನ್ನ ಮೊದಲ ಟೆಲಿ ಲೆನ್ಸ್ ಎರಡನೇ ಮಳೆಗಾಲದಲ್ಲಿ ಹೋಯಿತು. ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ, ಜೋಪಾನವಾಗಿ. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಬೂಸ್ಟು. ತೇವಾಂಶ ಶೇ 60-65ಕ್ಕಿಂತ ಮೇಲೆ ದಿನಗಟ್ಟಲೆ ಇದ್ದರೆ ಬೂಸ್ಟು ಬೆಳೀತದೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರುವ ದಿನವೇ ಇಲ್ಲ. ಬೇಗ ಗೊತ್ತಾದರೆ ಬಿಚ್ಚಿ ಒರೆಸಿಕೊಡ್ತಾರೆ. ತಡವಾದರೆ ಗಾಜಿನ ಲೇಪವನ್ನೇ ಅದು ತಿಂದಿರ್ತದೆ.

ಡ್ರೈ ಕ್ಯಾಬಿನೆಟ್ ಕೊಳ್ಳುವಷ್ಟು ದುಡ್ಡು ಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡಿಗೆಗೆ ಮಾತ್ರ ಬಳಸಬೇಡಿ. ಚರ್ಮದ ಚೀಲ ಯಾರಿಗಾದರೂ ಕೊಟ್ಟುಬಿಡಿ.

ಎಸಿ ಕಾರಿನಿಂದ ನೇರ ಸಮುದ್ರಕ್ಕೆ ಇಳಿದರೆ ಲೆನ್ಸ್ ಮಂಜಾಗ್ತದೆ. ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಬಿಡಿ. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಮೊದಲು ಊದುಬುರುಡೆಯಿಂದ ಮರಳು ಹಾರಿಸಿ, ಆಮೇಲೆ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಕೊನೆಗೆ ಒಣ ಬಟ್ಟೆ. ಮೊದಲೇ ಉಜ್ಜಿದರೆ ಮರಳು ಗಾಜಿನ ಮೇಲೆ ಗೆರೆ ಎಳೀತದೆ.

ದುಡ್ಡಿದ್ದಷ್ಟು

ಏನೂ ಇಲ್ಲದವರು ಮೊಬೈಲಿನ ಮುಖ್ಯ ಕ್ಯಾಮೆರಾ ಬಳಸಿ, ಎರಡು ಬೆರಳಿನಲ್ಲಿ ಹಿಗ್ಗಿಸುವುದನ್ನು ಬಿಡಿ, ಅದು ಝೂಮ್ ಅಲ್ಲ, ಕತ್ತರಿ. ಕಿಟ್ ಲೆನ್ಸ್ ಇರುವವರು ಮೊದಲು ಕೊಳ್ಳಬೇಕಾದದ್ದು ಟೆಲಿ ಅಲ್ಲ, 50 ಎಂಎಂ ಎಫ್ 1.8 ಅಥವಾ ಅದರ 35ರ ತಮ್ಮ. ಡಿಎಸ್ಎಲ್ಆರ್‌ಗೆ ಹೊಸ 50 ಸುಮಾರು ಹತ್ತು ಸಾವಿರದ ಆಸುಪಾಸಿಗೆ ಸಿಗ್ತದೆ. ಟೆಲಿಯನ್ನು ಮೂರ್ನಾಲ್ಕು ಜನ ಸೇರಿ ಒಂದು ತಗೊಳ್ಳಿ, ವರ್ಷದಲ್ಲಿ ಎಷ್ಟು ದಿನ ಬೇಕಾಗ್ತದೆ ಹೇಳಿ?

ಹಳೆಯದ್ದು ಕೊಳ್ಳುವುದಾದರೆ ಕರಾವಳಿಯಲ್ಲಿ ಬಳಸಿದ ಲೆನ್ಸಿಗೆ ಎರಡು ಸಲ ನೋಡಿ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಓರೆಯಾಗಿ ತಿರುಗಿಸ್ತಾ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಅಂಚಿನಿಂದ ಒಳಗೆ ಕವಲೊಡೆದ ಬಿಳಿ ಎಳೆ ಕಂಡರೆ, ಮಾರುವವ ಎಷ್ಟೇ ಪರಿಚಯದವನಾಗಿರಲಿ, ವಾಪಸ್ ಕೊಟ್ಟು ಬನ್ನಿ.